ಅರವತ್ಮೂರನೇ ಬಟ್ಟಲು

ನವೆಂಬರ್ 3

ಅಪ್ಪನಿಗೆ,

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಬೈಯುವುದಕ್ಕಲ್ಲ, ಅಳುವುದಕ್ಕೂ ಅಲ್ಲ. ಒಂದು ಪ್ರಶ್ನೆ ಕೇಳುವುದಿದೆ. ಫೋನಿನಲ್ಲಿ ಕೇಳಿದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದಕ್ಕಾದರೆ ಕೊನೆಯ ತನಕ ಸುಮ್ಮನಿರಲೇಬೇಕು.

"ಬಂದರಲ್ಲಿ ಕೂತು ನೂರು ಬೆಟ್ಟದ ಕಾಫಿ ರುಚಿ ನೋಡೋದು ಬಿಟ್ಟು, ಒಂದೇ ಬೆಟ್ಟಕ್ಕೆ ಹೋಗಿ ಕೆಸರು ತುಳೀತೀನಿ ಅಂತಾಳೆ" ಎಂದು ನಾನು ಹೊರಟ ದಿನ ಅಂದಿದ್ದಿರಲ್ಲ, ಆ ಬೆಟ್ಟದಲ್ಲೇ ಇದ್ದೇನೆ. ಬೆಳೆಗಾರರ ಸಂಘದ ಪಲ್ಪರ್ ಮನೆಗೆ ಈಗ ನಾನೇ ಮೇಲ್ವಿಚಾರಕಿ. ಹಣ್ಣಿನ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ನೆನೆಹಾಕಿ, ಲೋಳೆ ತೊಳೆದು, ಕಣದಲ್ಲಿ ಒಣಗಿಸಿ, ಚೀಲದ ಬಾಯಿ ಹೊಲಿಯುವ ತನಕ ಎಲ್ಲ ನನ್ನ ಕಣ್ಣೆದುರೇ ಆಗಬೇಕು. ಮಷಿನ್ನುಗಳ ಮೇಲಿನ ಅಟ್ಟವೇ ನನ್ನ ಆಫೀಸು. ಪಲ್ಪರ್ ಓಡುವಾಗ ಮೇಜು ನಡುಗುತ್ತದೆ. ಅಕ್ಷರ ಹೀಗಿರುವುದು ಅದಕ್ಕೆ, ಸಿಟ್ಟಿಗಲ್ಲ.

ಮೊನ್ನೆ ಹಳೆಯ ಕಪಾಟು ಖಾಲಿ ಮಾಡುವಾಗ ತುಕ್ಕು ಹಿಡಿದ ಪಿನ್ನು ಚುಚ್ಚಿದ ಒಂದು ಹಾಳೆ ಸಿಕ್ಕಿತು. ಇಪ್ಪತ್ತೊಂದು ವರ್ಷದ ಹಿಂದಿನದು. "ಮೇಲಿನ ಇಳಿಜಾರಿನ ಮಾದರಿ. ಹುಳಿ ಚೂಪು, ಮೈ ತೆಳು, ಕೊನೆಯಲ್ಲಿ ಗೋಣಿಯ ವಾಸನೆ. ಬಿಡಿಯಾಗಿ ಮಾರಲು ಯೋಗ್ಯವಲ್ಲ, ಬೆರಕೆಗೆ ಹಾಕಬಹುದು." ಕೆಳಗಿನ ಸಹಿ ಓದಬೇಕಾಗಲೇ ಇಲ್ಲ. ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಇರುವುದು ಅದೇ ಸಹಿ.

ಈ ಮಾತು ಇಲ್ಲಿನ ಹಿರಿಯರಿಗೆಲ್ಲ ಬಾಯಿಪಾಠ. ತೆಳ್ಳಗಿದ್ದು ಖಾರವಾಗಿ ಮಾತಾಡುವವರು ಯಾರಾದರೂ ಕಂಡರೆ "ಹುಳಿ ಚೂಪು, ಮೈ ತೆಳು" ಎಂದು ನಗುತ್ತಾರೆ. ನಾನು ಬಂದ ಹೊಸದರಲ್ಲಿ ನನ್ನನ್ನೂ ಅಂದರು. ಯಾರ ಮಾತೆಂದು ತಿಳಿಯದೆ ನಾನೂ ನಕ್ಕೆ.

ಪ್ರಶ್ನೆ ಇಷ್ಟೇ. ಅದನ್ನು ಬರೆಯುವ ಮುಂಚೆ ಈ ಬೆಟ್ಟವನ್ನು ಒಮ್ಮೆಯಾದರೂ ಹತ್ತಿದ್ದಿರಾ?

ಒಂದು ಸಾಲಿನ ಉತ್ತರವಾದರೂ ಸಾಕೆನ್ನುವ
ನಿಮ್ಮ ಮಗಳು


ನವೆಂಬರ್ 16

ಮಗಳೇ,

ಹತ್ತಿಲ್ಲ.

ಒಂದು ಸಾಲು ಸಾಕು ಅಂದೆ, ಕೊಟ್ಟೆ. ಇನ್ನು ನನ್ನ ಮಾತು ಕೇಳು. ಟೇಸ್ಟರ್ ಆದವನು ಬೆಟ್ಟ ನೋಡಬಾರದು. ನೋಡಿದವನಿಗೆ ಹೂವು ಕಾಣುತ್ತದೆ, ಮೋಡ ಕಾಣುತ್ತದೆ, ಬೆಳೆಗಾರನ ಮನೆಯ ಹರಿದ ಪರದೆ ಕಾಣುತ್ತದೆ. ಬಟ್ಟಲಲ್ಲಿರುವುದೊಂದು ಬಿಟ್ಟು ಎಲ್ಲವೂ ಕಾಣುತ್ತದೆ. ಅವನು ಬರೆಯುವ ವರದಿ ಬರೀ ಉಪಕಾರ. ನಾನು ಉಪಕಾರ ಮಾಡಿಲ್ಲ, ಅಪಕಾರವನ್ನೂ ಮಾಡಿಲ್ಲ. ಆ ಬಟ್ಟಲಲ್ಲಿ ಗೋಣಿ ಇತ್ತು, ಗೋಣಿ ಅಂತ ಬರೆದೆ. ಇವತ್ತು ಅದನ್ನೇ ತಂದು ಮುಂದಿಟ್ಟರೂ ಅದನ್ನೇ ಬರೆಯುತ್ತೇನೆ.

ತೊಟ್ಟಿ ತೊಳೆಸುವಾಗ ಮೂಲೆಗಳಿಗೆ ಬ್ರಷ್ ಹಾಕಿಸು. ಎಲ್ಲರೂ ನಡುವೆ ಉಜ್ಜುತ್ತಾರೆ, ಹುಳುಕು ಮೂಲೆಯಲ್ಲಿರುತ್ತದೆ.

ಅಪ್ಪ

ನಾನು ಅಮ್ಮ. ಕವರಿಗೆ ಹಾಕೋ ಮುಂಚೆ ಕಸ್ಕೊಂಡು ಬರೀತಿದ್ದೀನಿ. ನಿನ್ನ ಕಾಗದ ಬಂದ ದಿನ ಇವರು ಊಟದ ತಟ್ಟೆ ಮುಂದೆ ಅದನ್ನ ನಾಲ್ಕು ಸಲ ಓದಿದ್ರು. ಏನಂತೆ ಅಂದ್ರೆ "ಏನಿಲ್ಲ, ಅವಳ ಮೇಜು ನಡುಗುತ್ತಂತೆ" ಅಂದ್ರು. ನನ್ನ ಅಂಗಡಿಯಲ್ಲಿ ಮದುವೆ ಬ್ಲೌಸು ಹೊಲಿಯೋ ಕಾಲ, ಸೂಜಿಗೂ ನನಗೂ ಬಿಡುವಿಲ್ಲ. ಸ್ವೆಟರ್ ಇದೆಯೋ ಇಲ್ಲವೋ ಮೊದಲು ಬರಿ. ನಿಮ್ಮಿಬ್ಬರ ಹುಳಿ ಪುರಾಣ ಆಮೇಲೆ.


ಡಿಸೆಂಬರ್ 28

ಅಪ್ಪನಿಗೆ,

ಸ್ವೆಟರ್ ಎರಡಿವೆ ಅಂತ ಅಮ್ಮನಿಗೆ ಹೇಳಿ. ತೊಟ್ಟಿಯ ಮೂಲೆ ಉಜ್ಜಿಸಿದೆ. ನೀವು ಹೇಳಿದಂತೆಯೇ ಇತ್ತು, ನಡುವೆ ಕನ್ನಡಿ, ಮೂಲೆಯಲ್ಲಿ ಪಾಚಿ.

ಬೆಟ್ಟದ ಮಾತು ಬೇಡ, ಬಟ್ಟಲಿನ ಮಾತೇ ಆಡೋಣ. ಆದರೆ ಬೀಜ ತಾನಾಗಿ ನಡೆದು ಬಂದು ಬಟ್ಟಲಿಗೆ ಬೀಳುವುದಿಲ್ಲವಲ್ಲ. ಬಂದ ದಾರಿಯನ್ನು ಸ್ವಲ್ಪ ಕೇಳಿ.

ಇಲ್ಲಿ ಇಳಿಜಾರು ಎರಡು. ಕಣದ ಸುತ್ತಲಿನದು ಕೆಳಗಿನದು. ಅಲ್ಲಿ ಹಣ್ಣು ದಪ್ಪ, ಬೇಗ ಕೆಂಪಾಗುತ್ತದೆ, ಬೀಜ ದುಂಡಗೆ ಸಾಧು. ಯಾರಿಗೂ ಬೇಜಾರು ಮಾಡದ ಕಾಫಿ, ಯಾರ ನೆನಪಿನಲ್ಲೂ ಉಳಿಯದ ಕಾಫಿ. ಮೇಲಿನದಕ್ಕೆ ಒಂದೂವರೆ ಗಂಟೆಯ ಏರು. ಬೆಳಿಗ್ಗೆ ಹತ್ತಾದರೂ ಅಲ್ಲಿ ಬಿಸಿಲು ಬೀಳುವುದಿಲ್ಲ, ಗಾಳಿ ಕಿವಿ ಕಚ್ಚುತ್ತದೆ. ಎತ್ತರದ ಹಳೆಯ ಗಿಡಗಳು. ಏಣಿ ಹಾಕಿ ಕೊಯ್ಯಬೇಕು. ಚಳಿಗೆ ಹಣ್ಣು ಐದು ವಾರ ತಡವಾಗಿ ಮಾಗುತ್ತದೆ. ಆ ಐದು ವಾರ ಗಿಡ ಏನು ಮಾಡುತ್ತದೋ ನನಗೆ ಗೊತ್ತಿಲ್ಲ, ಸುಮ್ಮನಂತೂ ಕೂರುವುದಿಲ್ಲ. ಬೀಜ ಚಿಕ್ಕದು, ನೀಲಿ ಬೆರೆತ ಹಸಿರು. ಕಚ್ಚಿದರೆ ಹಲ್ಲೇ ಸೋಲಬೇಕು. ಹೊಟ್ಟೆಯ ಮೇಲಿನ ಗೀರು ಗುಟ್ಟು ಬಿಡದವರ ತುಟಿಯ ಹಾಗೆ ಬಿಗಿ. ಹುರಿಯುವಾಗ ಕೆಳಗಿನ ಬೀಜ ಪಟಪಟ ಸಿಡಿದು ಮುಗಿಸಿದ ಮೇಲೆ ಇದು ನಿಧಾನಕ್ಕೆ ಬಾಯಿ ಬಿಡುತ್ತದೆ. ಬಿಸಿಯಿದ್ದಾಗ ಕಿತ್ತಳೆ ಸಿಪ್ಪೆಯನ್ನು ಉಗುರಲ್ಲಿ ಗೀರಿದ ಹಾಗೆ. ಆರುತ್ತ ಬಂದಂತೆ ಜೇನು.

ಹಾಗಾದರೆ ಗೋಣಿಯ ವಾಸನೆ ಎಲ್ಲಿಂದ ಬಂತು? ಹಿರಿಯರನ್ನು ಕೇಳಿದೆ. ಇಲ್ಲಿಗೆ ರಸ್ತೆ ಬಂದದ್ದು ಹನ್ನೊಂದು ವರ್ಷದ ಹಿಂದೆ. ಅದಕ್ಕೂ ಮುಂಚೆ ಬೀಜ ಅರ್ಧಂಬರ್ಧ ಒಣಗುತ್ತಲೇ ಚೀಲಕ್ಕೆ ತುಂಬಿ, ಹೇಸರಗತ್ತೆಗಳ ಮೇಲೆ ಹೇರಿ ಇಳಿಸುತ್ತಿದ್ದರಂತೆ. ನಾಲ್ಕು ದಿನದ ದಾರಿ, ನಡುವೆ ಎರಡು ಹೊಳೆ. ನೀವು ಬರೆದದ್ದು ಸುಳ್ಳಲ್ಲ ಅಪ್ಪ. ಗೋಣಿ ಇತ್ತು. ಆದರೆ ನೀವು ತೀರ್ಪು ಕೊಟ್ಟದ್ದು ಗೋಣಿಗೆ, ಶಿಕ್ಷೆಯಾದದ್ದು ಗಿಡಕ್ಕೆ. ಆ ಹಾಳೆ ಬಂದ ವರ್ಷವೇ ಮೇಲಿನ ಇಳಿಜಾರಿನ ಅರ್ಧವನ್ನು ಕಡಿದುಹಾಕಿದರು.

ಉಳಿದ ಅರ್ಧಕ್ಕೆ ಈಗ ಸರದಿ. ಅದನ್ನೂ ಕಿತ್ತು ಹೆಚ್ಚು ಕಾಯಿ ಬಿಡುವ ಹೊಸ ತಳಿ ಹಾಕೋಣ ಎಂದು ಸಂಘದಲ್ಲಿ ಬಹಳ ಜನ ಹೇಳುತ್ತಿದ್ದಾರೆ. ಫೆಬ್ರವರಿ ಕೊನೆಗೆ ಸಭೆ. "ಬೆರಕೆಗೆ ಹೋಗೋ ಬೀಜಕ್ಕೆ ಏಣಿ ಯಾಕೆ ಹತ್ತಬೇಕು?" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಈ ಸಲದ ಮೇಲಿನ ಇಳಿಜಾರಿನ ಮೊದಲ ಕೊಯ್ಲು ಇದರ ಜೊತೆಗಿದೆ. ಕುಡಿದು ನೋಡಿ. ಉಪಕಾರ ಬೇಡ.

ಇನ್ನೊಂದು. ನಾನು ಯಾರ ಮಗಳೆಂದು ಇಲ್ಲಿ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಮೇಜು ಗಟ್ಟಿಮಾಡಿಸಿಕೊಂಡಿರುವ
ಮಗಳು


ಜನವರಿ 12

ಮಗಳೇ,

ನಿನ್ನ ಪೊಟ್ಟಣ ನಾನು ಬಿಚ್ಚಲಿಲ್ಲ. ಬಿಚ್ಚಿದ್ದರೆ ಬೀಜದ ಗುರುತು ಸಿಕ್ಕಿಬಿಡುತ್ತಿತ್ತು. ಹುರಿಯುವವನಿಗೆ ಕೊಟ್ಟು, "ಬೇರೆ ಎಂಟು ಮಾದರಿ ಜೊತೆ ಎಲ್ಲಾದರೂ ಸೇರಿಸು, ನನಗೆ ಹೇಳಬೇಡ" ಅಂದೆ. ಕುಡಿದವರು ಮೂವರು. ನಾನು, ನನ್ನ ಕೈಕೆಳಗಿನ ಟೇಸ್ಟರ್, ರಫ್ತಿನವರ ಕಡೆಯಿಂದ ಬಂದ ಒಬ್ಬಾಕೆ.

ಏಳನೇ ಬಟ್ಟಲಿನ ಹತ್ತಿರ ಮೂವರೂ ನಿಂತೆವು. ಚಮಚದಲ್ಲಿ ಮೇಲಿನ ಪದರ ಸರಿಸಿದ ಕೂಡಲೇ ಆಕೆ "ಇದೆಲ್ಲಿತ್ತು ಇಷ್ಟು ದಿನ?" ಅಂದಳು. ಹುಳಿ ಇತ್ತು. ಚುಚ್ಚುವ ಹುಳಿಯಲ್ಲ, ಎಚ್ಚರಿಸುವ ಹುಳಿ. ಒಳ್ಳೆಯ ಅಂಕ ಬರೆದೆ. ಪೂರ್ತಿ ಆರಿದ ಮೇಲೆ ಮತ್ತೆ ಬಂದು ಕುಡಿದೆ. ಆಗ ಸಿಕ್ಕಿತು: ಹೆಚ್ಚಿಟ್ಟು ಮರೆತ ಈರುಳ್ಳಿ. ಎಲ್ಲೋ ಹಿಂದೆ, ಒಂದು ಎಳೆಯಷ್ಟು. ಉಳಿದಿಬ್ಬರಿಗೆ ಅದು ತಿಳಿಯಲಿಲ್ಲ. ನಾನು ಬರೆದ ಅಂಕ ಹೊಡೆದುಹಾಕಿ ಕಡಿಮೆ ಬರೆದೆ. ಬಟ್ಟಲಿನ ಅಡಿಯ ಚೀಟಿ ತೆಗೆದು ನೋಡಿದರೆ ನಿನ್ನದು.

ಸಿಟ್ಟು ಬಂದಿರಬೇಕು. ಬರಲಿ. ಆಮೇಲೆ ಹೋಗಿ ನೋಡು. ಈರುಳ್ಳಿ ಗಿಡದಿಂದ ಬರುವುದಿಲ್ಲ, ನೀರಿನಿಂದ ಬರುತ್ತದೆ. ಇದು ಬೀಜದ ತಪ್ಪಲ್ಲ, ನಿನ್ನ ಕೈಯ ತಪ್ಪು.

ಹೇಸರಗತ್ತೆಯ ವಿಷಯ ಓದಿದೆ. ಅದರ ಬಗ್ಗೆ ಇವತ್ತು ಏನೂ ಬರೆಯುವುದಿಲ್ಲ.

ಅಪ್ಪ


ಜನವರಿ 24

ಅಪ್ಪನಿಗೆ,

ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಸಿಟ್ಟಿತ್ತು. ಮೂರನೇ ದಿನ ನಿಮ್ಮ ಆ ಸಾಲನ್ನು ಮತ್ತೆ ಓದಿದೆ. "ಇದು ಬೀಜದ ತಪ್ಪಲ್ಲ." ಈ ಬೆಟ್ಟದ ಬಗ್ಗೆ ನೀವು ಬರೆದುಕೊಟ್ಟ ಎರಡನೇ ತೀರ್ಪು ಇದು. ಗೊತ್ತಿದ್ದೇ ಬರೆದಿರೋ ಕೈ ಜಾರಿತೋ, ನಾನು ಕೇಳುವುದಿಲ್ಲ.

ಈರುಳ್ಳಿಯೂ ಸಿಕ್ಕಿತು. ಡಿಸೆಂಬರ್ ಬಂತೆಂದರೆ ನಮ್ಮ ತೊರೆ ಬಳ್ಳಿಯಷ್ಟು ಸಣ್ಣಗಾಗುತ್ತದೆ. ಪಲ್ಪರ್ ಮೇಸ್ತ್ರಿ ಒಂದೇ ನೀರನ್ನು ಎರಡೆರಡು ಸಲ ಓಡಿಸಿದ್ದ.

"ಯಾರು ಹೇಳಿದ್ದು ಹಾಗೆ ಮಾಡೋಕೆ?" ಅಂದೆ.

"ನೀವೇ ಮೇಡಂ. ನೀರು ಸಾಲ್ತಿಲ್ಲ, ಎರಡನೇ ಸಲ ಬಿಡ್ಲಾ ಅಂದೆ. ಫೋನಲ್ಲಿದ್ರಿ. ಹೂಂ ಅಂದ್ರಿ."

ನಿಜ, ಅಂದಿದ್ದೆ. ಈಗ ನೀರು ಎಷ್ಟಿದೆಯೋ ಅಷ್ಟೇ ಹಣ್ಣು ಕೊಯ್ಯಿಸುತ್ತೇವೆ. ಮೇಲಿನ ತೊರೆಯಿಂದ ಹೊಸ ಪೈಪು ಎಳೆಸುತ್ತಿದ್ದೇನೆ.

ಈಗ ಕಷ್ಟದ ಮಾತು. ಇಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಕಣದಜ್ಜಿ ಅಂತಲೇ ಕರೆಯುತ್ತಾರೆ. ಎಪ್ಪತ್ತೊಂದು ವರ್ಷ. ಕಣದಲ್ಲಿ ಬೀಜ ಹರಡುವುದು, ತಿರುವುವುದು, ಮೋಡ ಕವಿದರೆ ಮುಚ್ಚುವುದು ಎಲ್ಲ ಅವರ ಮಾತಿನಂತೆ. ಒಣಗಿದೆಯೋ ಇಲ್ಲವೋ ನೋಡಲು ನಾನು ಯಂತ್ರ ಇಟ್ಟು ಓದುತ್ತೇನೆ. ಅವರು ಒಂದು ಬೀಜ ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟುತ್ತಾರೆ. ಇನ್ನೂ ಒಂದು ಸಲವೂ ಯಂತ್ರ ಗೆದ್ದಿಲ್ಲ.

ಮೊನ್ನೆ ಬೀಜ ಆರಿಸುವ ಶೆಡ್ಡಿನಲ್ಲಿ ಎಲ್ಲರೆದುರು ಈರುಳ್ಳಿಯ ಕಥೆ ಹೇಳಿದೆ. ಅಜ್ಜಿ ತಲೆಯೆತ್ತಿದರು. "ಉಳಿದ ಇಬ್ರಿಗೂ ಗೊತ್ತಾಗ್ದೇ ಇದ್ದದ್ದು ಅವನೊಬ್ಬನಿಗೆ ಗೊತ್ತಾಯ್ತಾ? ಯಾರವನು ಅಂಥ ನಾಲಿಗೆಯವನು?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ನಮ್ಮಪ್ಪ," ಅಂದೆ. "ಹುಳಿ ಚೂಪು, ಮೈ ತೆಳು ಅಂತ ಬರೆದವರೂ ಅವರೇ."

ಇಪ್ಪತ್ತು ಜನರ ಕೈ ಒಟ್ಟಿಗೆ ನಿಂತಿತು. ಅಜ್ಜಿಯ ಕೈ ಮಾತ್ರ ನಿಲ್ಲಲಿಲ್ಲ. ಮುಂದಿದ್ದ ರಾಶಿಯನ್ನು ಪೂರ್ತಿ ಆರಿಸಿ, ಸೆರಗು ಕೊಡವಿಕೊಂಡು ಎದ್ದುಹೋದರು. ಮಾರನೇ ದಿನ ಕಣಕ್ಕೆ ಬರಲಿಲ್ಲ. ಅವರು ಬಾರದ ದಿನವನ್ನು ಇಲ್ಲಿ ಯಾರೂ ಕಂಡಿರಲಿಲ್ಲ.

ಮೇಲಿನ ಇಳಿಜಾರಿನಲ್ಲಿ ಕಡಿದದ್ದು ಅವರ ಗಿಡಗಳಂತೆ. ಎಂಟುನೂರು. ಅವರ ಗಂಡ ಒಂದೊಂದನ್ನೂ ಕೈಯಾರೆ ನೆಟ್ಟವರು, ನಿಮ್ಮ ಹಾಳೆ ಬಂದ ಮೇಲೆ ಕೈಯಾರೆ ಕಡಿದರು. ಆಮೇಲೆ ಸಾಯುವ ತನಕ ಅತ್ತ ಹೆಜ್ಜೆ ಇಡಲಿಲ್ಲ. ಅಜ್ಜಿಯೂ ಇಟ್ಟಿಲ್ಲ. ಇದನ್ನೆಲ್ಲ ಮೇಸ್ತ್ರಿ ಹೇಳಿದ. ಅಜ್ಜಿ ಹೇಳಿದ್ದು ಒಂದೇ ಮಾತು. ಮೂರನೇ ದಿನ ಬಂದು, ಬೀಜ ತಿರುವುತ್ತ, ನನ್ನ ಮುಖ ನೋಡದೆ, "ನಿಮ್ಮಪ್ಪನ್ನ ಬರಹೇಳು" ಅಂದರು.

ಹೇಳಿದ್ದೇನೆ.

ಮಗಳು


ಫೆಬ್ರವರಿ 23

ನನ್ನ ಕೂಸೇ,

ಇದು ಅಮ್ಮ. ಈ ಕಾಗದ ಅವರಿಗಿಂತ ಮುಂಚೆ ನಿನ್ನ ಕೈ ಸೇರಿದರೆ ನಿನ್ನ ಪುಣ್ಯ. ನಿಮ್ಮಪ್ಪನ್ನ ಈಗಷ್ಟೇ ಬಸ್ಸು ಹತ್ತಿಸಿ ಬಂದೆ.

ನೀನು ಬರೆದ ಮೇಲೆ ಒಂದು ತಿಂಗಳು ಉತ್ತರ ಇಲ್ಲ ಅಂತ ಕೊರಗಿರ್ತೀಯ. ಇಲ್ಲಿ ನಡೆದದ್ದು ಕೇಳು. ಕಾಗದ ಬಂದ ವಾರವೇ ಆಫೀಸಿನ ಹಳೆ ರಿಜಿಸ್ಟರ್‌ಗಳನ್ನ ಮನೆಗೆ ತಂದ್ರು. ನಾನು ಬಟ್ಟೆ ಕತ್ತರಿಸೋ ಮೇಜಿನ ಮೇಲೆ ಹರಡ್ಕೊಂಡು ಕೂತ್ರು. "ರೀ, ಗಿರಾಕಿ ಬ್ಲೌಸಿನ ಮೇಲೆ ಧೂಳು ಬೀಳ್ತಿದೆ" ಅಂದ್ರೂ ಕಿವಿಗಿಲ್ಲ. ಒಂದು ದಿನ ಒಂದು ಪುಟದ ಮೇಲೆ ಬೆರಳಿಟ್ಟು ಹಾಗೇ ಕೂತುಬಿಟ್ರು. ಏನು ಸಿಕ್ತು ಅಂದೆ. "ಒಂದು ಸಂಖ್ಯೆ" ಅಂದ್ರು. ಅಷ್ಟೇ. ಮೂವತ್ತಮೂರು ವರ್ಷ ಸಂಸಾರ ಮಾಡಿದ್ದೀನಿ, ಆ ಮುಖ ನಾನು ನೋಡಿರಲಿಲ್ಲ.

ಆಮೇಲೆ ದಪ್ಪ ಅಡಿಯ ಬೂಟು ತಂದು ನನಗೆ ಕಾಣದ ಹಾಗೆ ಮಂಚದ ಕೆಳಗೆ ಇಟ್ರು. ಆ ಮಂಚದ ಕೆಳಗೆ ದಿನಾ ಗುಡಿಸೋಳು ನಾನು. ಸುಮ್ಮನಿದ್ದೆ. ಒಂದು ವಾರ ಕಾದೆ, ಹೊರಡೋ ಲಕ್ಷಣ ಇಲ್ಲ. ಕೊನೆಗೆ ನಿನ್ನೆ ನಾನೇ ಕೇಳಿದೆ. "ಬೂಟು ಕಚ್ಚುತ್ತಾ, ಮನಸ್ಸು ಕಚ್ಚುತ್ತಾ?"

ಬಗ್ಗಿ ಬೂಟು ಹೊರಗೆಳೆದ್ರು. "ಎರಡೂ," ಅಂದ್ರು. "ಆದ್ರೆ ಹೋಗ್ತೀನಿ."

ಹೊಲಿಗೆ ತಪ್ಪಿದ್ರೆ ಬಿಚ್ಚಿ ಮತ್ತೆ ಹೊಲೀಬೇಕು. ಬೇರೆ ದಾರಿ ಇಲ್ಲ ಅಂತ ನನಗೆ ಹನ್ನೆರಡನೇ ವರ್ಷಕ್ಕೇ ಗೊತ್ತಾಯ್ತು. ನಿಮ್ಮಪ್ಪನಿಗೆ ಅರವತ್ತಕ್ಕೆ ಗೊತ್ತಾಗ್ತಿದೆ. ಪರವಾಗಿಲ್ಲ. ಅವರಿಗೆ ಮಂಡಿ ನೋವಿದೆ, ಹೇಳ್ಕೊಳ್ಳಲ್ಲ. ಏರುವಾಗ ನೀನು ಹಿಂದೆ ಇರು.

ನಿನ್ನ ಅಮ್ಮ


ಮಾರ್ಚ್ 2

ನಮ್ಮ ಮನೆಯ ಟೈಲರಮ್ಮನಿಗೆ,

ಕ್ಷೇಮವಾಗಿ ತಲುಪಿದೆ. ಬೂಟು ಕಚ್ಚಿತು. ಮಗಳು ತೆಳ್ಳಗಾಗಿದ್ದಾಳೆ, ದನಿ ದಪ್ಪಗಾಗಿದೆ. ಮೂವತ್ತು ಜನಕ್ಕೆ ಕೆಲಸ ಹೇಳುತ್ತಾಳೆ, ಒಬ್ಬರಿಗೂ ಎರಡು ಸಲ ಹೇಳುವುದಿಲ್ಲ. ಇದನ್ನು ಅವಳಿಗೆ ಹೇಳಿಲ್ಲ, ನೀನು ಹೇಳಬಹುದು.

ಬಂದ ದಿನವೇ ಕಣದಜ್ಜಿಯ ಮುಂದೆ ನಿಂತೆ. ಕೈಯಲ್ಲಿ ಬೀಜ ಎಳೆಯುವ ಹಲಗೆ. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

"ನೀವೇನಾ?"

"ನಾನೇ."

"ಎತ್ತರ ಇರ್ತೀರ ಅಂದ್ಕೊಂಡಿದ್ದೆ," ಅಂದರು. "ನಾಳೆ ಮೇಲೆ ಹೋಗಿ ನೋಡ್ಕೊಂಡು ಬನ್ನಿ. ನಾನು ಬರಲ್ಲ. ನಿಮ್ಮ ಮಗಳು ತೋರಿಸ್ತಾಳೆ."

ಹೋದೆ. ಒಂದೂವರೆ ಗಂಟೆಯ ದಾರಿಗೆ ನನಗೆ ಮೂರು ಗಂಟೆ ಹಿಡಿಯಿತು. ಉಳಿದಿರುವ ಗಿಡಗಳ ಪಕ್ಕದಲ್ಲೇ ಕಡಿದ ಜಾಗ. ಕುರುಚಲು ಬೆಳೆದಿದೆ. ಕಾಲಿನಿಂದ ಸರಿಸಿದರೆ ಬುಡಗಳು, ಸಾಲಾಗಿ, ಅಳತೆ ಹಿಡಿದ ಹಾಗೆ. ನೆಟ್ಟವನು ಶಿಸ್ತಿನ ಮನುಷ್ಯನಾಗಿರಬೇಕು. ಟೇಸ್ಟರ್ ಬೆಟ್ಟ ನೋಡಬಾರದು ಅಂತ ನಾನು ಹೇಳುತ್ತಿದ್ದದ್ದು ಸರಿಯೇ, ಆದರೆ ಪೂರ್ತಿ ಸರಿಯಲ್ಲ. ಕುಡಿಯುವ ಮುಂಚೆ ನೋಡಬಾರದು. ಬರೆದ ಮೇಲೆ ನೋಡಲೇಬೇಕು. ಇದು ನನಗೆ ಗೊತ್ತಾಗುವಾಗ ಮಂಡಿಯ ಶಕ್ತಿ ಮುಗಿದಿದೆ.

ಮೊನ್ನೆ ಸಭೆ. ಬೀಜ ಆರಿಸುವ ಶೆಡ್ಡಿನಲ್ಲಿ ಎಪ್ಪತ್ತೆಂಟು ಜನ. ನನಗೆ ಮಾತಾಡಲು ಬಿಟ್ಟರು. ರಿಜಿಸ್ಟರಿನ ಪುಟ ಓದಿ ಹೇಳಿದೆ. ನಿನಗೆ ಅವತ್ತು ಹೇಳದೇ ಇದ್ದ ಸಂಖ್ಯೆ ಅದೇ. ಒಬ್ಬ ಟೇಸ್ಟರ್ ದಿನಕ್ಕೆ ನಲವತ್ತಕ್ಕಿಂತ ಹೆಚ್ಚು ಬಟ್ಟಲು ಕುಡಿಯಬಾರದು ಅನ್ನುವುದು ನಮ್ಮ ಕೋಣೆಯ ನಿಯಮ. ಬರೆದು ಗೋಡೆಗೆ ಹಾಕಿದವನೇ ನಾನು. ಆ ದಿನ ಹಡಗು ಹೊರಡುವ ಆತುರ. ಅರವತ್ಮೂರು ಕುಡಿದಿದ್ದೆ. ಈ ಬೆಟ್ಟದ್ದು ಅರವತ್ಮೂರನೆಯದು. ಬೀಜಕ್ಕೆ ಗೋಣಿ ಹಿಡಿದಿತ್ತು, ನನ್ನ ನಾಲಿಗೆಗೆ ಅರವತ್ತೆರಡು ಬಟ್ಟಲು ಹಿಡಿದಿದ್ದವು. ಇನ್ನೊಂದು ಮಾದರಿ ತರಿಸಿ ಅಂತ ಬರೆಯಬೇಕಿತ್ತು. ಯೋಗ್ಯವಲ್ಲ ಅಂತ ಬರೆದೆ. "ತಪ್ಪು ನನ್ನದು. ಗಿಡದ್ದಲ್ಲ, ನಿಮ್ಮದಲ್ಲ," ಅಂದೆ.

ಹೊಸ ತಳಿ ಬೇಕು ಅನ್ನುವವರ ಕಡೆಯಿಂದ ಒಬ್ಬ ಎದ್ದ. ಲಾರಿ ಇಟ್ಟಿರುವ ಬೆಳೆಗಾರ, ನೇರ ಮಾತಿನವನು. "ಆಗ ನಿಮ್ಮ ನಾಲಿಗೆ ತಪ್ತು ಅಂತೀರ. ಈಗ ಸರಿಯಾಗಿದೆ ಅಂತ ಹೇಗೆ ನಂಬೋದು? ಆಗಲೂ ನೀವು ದೊಡ್ಡ ಮನುಷ್ಯರೇ ಆಗಿದ್ರಿ."

ಒಳ್ಳೆಯ ಪ್ರಶ್ನೆ. ದಾರಿಯಲ್ಲಿ ನನಗೆ ನಾನೇ ಕೇಳಿಕೊಂಡಿದ್ದೆ.

"ನಂಬಬೇಡಿ," ಅಂದೆ. "ನೀವೇ ಕುಡಿದು ನೋಡಿ. ಮೇಲಿನ ಇಳಿಜಾರಿನ ಕಾಫಿನ ಬೇರೆಯಾಗಿ ಕುಡಿದವರು ಇಲ್ಲಿ ಎಷ್ಟು ಜನ ಇದ್ದೀರಿ?"

ಒಂದು ಕೈಯೂ ಏಳಲಿಲ್ಲ. ಬೆಳೆದದ್ದೆಲ್ಲ ಚೀಲದಲ್ಲಿ ಇಳಿದುಹೋಗುತ್ತದೆ. ಮನೆಯಲ್ಲಿ ಕುಡಿಯುವುದು ಆರಿಸಿ ಬಿಸಾಡಿದ ಒಡಕಲು ಬೀಜ. ಮಗಳು ಮೊದಲೇ ಎಲ್ಲ ಸಿದ್ಧ ಮಾಡಿದ್ದಳು. ಉದ್ದ ಮೇಜು, ಮೂರು ಸಾಲು ಬಟ್ಟಲು, ಅಡಿಯಲ್ಲಿ ಚೀಟಿ. ಒಂದು ಸಾಲು ಕೆಳಗಿನ ಇಳಿಜಾರು, ಒಂದು ಮೇಲಿನದು, ಒಂದು ನಾನು ಬಂದರಿನಿಂದ ತಂದ ಹೆಸರಾಂತ ಕಾಫಿ. ಯಾವ ಸಾಲು ಯಾವುದೆಂದು ನನಗೂ ಹೇಳಿರಲಿಲ್ಲ. ಚಮಚ ತುಂಬ ತೆಗೆದು, ಸುರ್ರೆಂದು ಸದ್ದು ಮಾಡಿ ಎಳೆದು, ಬಾಯೆಲ್ಲ ಹರಡಿ ಉಗುಳಬೇಕು ಅಂತ ತೋರಿಸಿದೆ. ಮೊದಲು ನಾಚಿದರು, ಆಮೇಲೆ ಎಪ್ಪತ್ತೆಂಟು ಜನ ಸುರ್ರೆನ್ನಿಸಿದರು. ಶೆಡ್ಡಿನ ತಗಡು ಹಾರುವುದೊಂದು ಬಾಕಿ. ಉಗುಳು ಅಂದರೆ ಮಾತ್ರ ಯಾರೂ ಉಗುಳಲಿಲ್ಲ. "ನಾವು ಬೆಳೆದದ್ದನ್ನ ನಾವೇ ಉಗುಳೋದಾ?" ಅಂದಳು ಒಬ್ಬಳು.

ಇಷ್ಟವಾದ ಬಟ್ಟಲಿನ ಸಾಲಿನ ಹಿಂದೆ ನಿಲ್ಲಿ ಅಂದಳು ಮಗಳು. ನಡುವಿನ ಸಾಲಿನ ಹಿಂದೆ ಜನ ಗೋಡೆಯ ತನಕ ನಿಂತರು. ಚೀಟಿ ಎತ್ತಿದರೆ ಮೇಲಿನ ಇಳಿಜಾರು. ಲಾರಿಯವನೂ ಅಲ್ಲೇ ನಿಂತಿದ್ದ. ತನ್ನ ಕಾಲನ್ನು ತಾನೇ ನೋಡಿಕೊಂಡ. ಆದರೂ ಕೈ ಎತ್ತುವಾಗ ಅವನು ಹೊಸ ತಳಿಗೇ ಎತ್ತಿದ. ರುಚಿ ಬೇರೆ, ಬದುಕು ಬೇರೆ ಅಂದ. ಅದೂ ಸರಿ. ನಲವತ್ತೊಂಬತ್ತು ಕೈ ಹಳೆಯ ಗಿಡಕ್ಕೆ, ಇಪ್ಪತ್ತೊಂಬತ್ತು ಹೊಸದಕ್ಕೆ. ಮೂರು ವರ್ಷ ಮೇಲಿನ ಇಳಿಜಾರಿಗೆ ಕೊಡಲಿ ಹೋಗುವುದಿಲ್ಲ, ಅದರ ಬೀಜ ಬೇರೆ ಚೀಲದಲ್ಲಿ, ಬೆಟ್ಟದ ಹೆಸರಿನಲ್ಲೇ ಇಳಿಯಬೇಕು ಅಂತ ತೀರ್ಮಾನ.

ಕಣದಜ್ಜಿ ಅಷ್ಟೂ ಹೊತ್ತು ಬಾಗಿಲ ಹತ್ತಿರ ನಿಂತೇ ಇದ್ದರು. ಎಲ್ಲ ಮುಗಿದ ಮೇಲೆ ಬಂದು ನಡುವಿನ ಸಾಲಿನ ಒಂದು ಬಟ್ಟಲು ತೆಗೆದುಕೊಂಡರು. ಚಮಚ ಮುಟ್ಟಲಿಲ್ಲ. ತಣ್ಣಗಾಗಿದ್ದ ಕಾಫಿಯನ್ನು ಮೆಲ್ಲಗೆ, ಪೂರ್ತಿ ಕುಡಿದರು.

"ಇದನ್ನೇನಾ ನಮ್ಮನೆಯವರು ಕಡಿದದ್ದು?"

"ಹೌದು," ಅಂದೆ.

ಬಟ್ಟಲನ್ನು ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟರು. ಹೊರಗೆ ಮೋಡ ಕವಿದಿತ್ತು. ಬೀಜ ಮುಚ್ಚಲು ಹೋದರು. ನಾನೂ ಹೋಗಿ ಟಾರ್ಪಾಲಿನ ಇನ್ನೊಂದು ತುದಿ ಹಿಡಿದೆ. ಬೇಡ ಅನ್ನಲಿಲ್ಲ.

ಇನ್ನೂ ನಾಲ್ಕು ದಿನ ಇರುತ್ತೇನೆ. ಮಗಳು ಹೋಗು ಅಂದಿಲ್ಲ.

ನಿನ್ನವನು


ಏಪ್ರಿಲ್ 14

ಮಗಳೇ,

ಸುದ್ದಿ ಎರಡು. ನಿಮ್ಮ ಬೆಟ್ಟದ ಬೀಜ ಈ ವಾರ ಹರಾಜಿಗೆ ಬಂತು. ಬೆರಕೆಯ ರಾಶಿಯಲ್ಲಲ್ಲ, ತನ್ನದೇ ಹೆಸರಿನಲ್ಲಿ. ನಾನು ಅಂಕ ಹಾಕಲಿಲ್ಲ. ಮಗಳ ಕೈಯಲ್ಲಿ ಹದವಾದದ್ದು ಅಂತ ಹೇಳಿ ಮೇಜಿನಿಂದ ದೂರ ನಿಂತೆ. ಉಳಿದವರು ಕುಡಿದರು. ಈರುಳ್ಳಿ ಇರಲಿಲ್ಲ. ನಾನು ಕದ್ದು ಒಂದು ಚಮಚ ಕುಡಿದು ನೋಡಿದ್ದೇನೆ. ಮೂರು ಕಡೆಯವರು ಪೈಪೋಟಿಗೆ ಬಿದ್ದು ಕೂಗಿದರು. ಗೆದ್ದವರು ಮುಂದಿನ ಕೊಯ್ಲಿಗೆ ಅಲ್ಲಿಗೇ ಬರುತ್ತಾರಂತೆ.

ಎರಡನೆಯದು. ಹಳೆಯ ವರದಿ ತಪ್ಪು ಅಂತ ನಾನು ಬರೆದುಕೊಟ್ಟದ್ದನ್ನು ಕಂಪನಿಯವರು ಓದಿ, ಒಂದು ದಿನ ಯೋಚಿಸಿ, ಇನ್ನು ಮೇಲೆ ವರದಿಗಳಿಗೆ ಮೊದಲ ಸಹಿ ನನ್ನ ಕೈಕೆಳಗಿನವನದು, ನನ್ನದು ಎರಡನೆಯದು ಅಂದರು. ಅವನಿಗೆ ನಾಚಿಕೆ. ನನಗಿಲ್ಲ. ಅವನು ಒಳ್ಳೆಯ ಟೇಸ್ಟರ್. ನಲವತ್ತನೇ ಬಟ್ಟಲಿಗೆ ಚಮಚ ಕೆಳಗಿಡುತ್ತಾನೆ, ಹಡಗು ನಿಂತಿರಲಿ ಹೋಗಿರಲಿ.

ನೀನು ಹೊರಟ ದಿನ ನಾನು ಆಡಿದ ಮಾತು ನಿನಗೆ ನೆನಪಿರಬಹುದು. ಅದಕ್ಕೂ ಮರುಪರೀಕ್ಷೆ ಆಗಿದೆ ಅಂತ ತಿಳಿ.

ಅಪ್ಪ


ಮೇ 22

ಬಂದರಿನ ಟೇಸ್ಟರ್ ಅವರಿಗೆ,

ನಾನು ಕಣದಜ್ಜಿ. ನಾನು ಹೇಳೋದನ್ನ ನಿಮ್ಮ ಮಗಳು ಬರ್ಕೊಳ್ತಿದ್ದಾಳೆ. ಹೇಳಿದ್ದನ್ನಷ್ಟೇ ಬರಿ, ಚಂದ ಮಾಡ್ಬೇಡ ಅಂತ ಅಂದಿದ್ದೀನಿ.

ನೀವು ಹೋದ ಮೇಲೆ ಒಂದು ವಾರ ಕಳೆದು ನಾನು ಮೇಲೆ ಹತ್ತಿದೆ. ಇಪ್ಪತ್ತೊಂದು ವರ್ಷ ಆಗಿತ್ತು. ನಿಮಗೆ ಮೂರು ಗಂಟೆ ಬೇಕಾಯ್ತಂತೆ; ನಾನು ಎರಡರಲ್ಲಿ ಹೋದೆ. ನಮ್ಮವರು ನೆಟ್ಟ ಸಾಲು ಹುಡುಕ್ದೆ. ಬುಡ ಎಲ್ಲ ಗೆದ್ದಲು ತಿಂದು ಮಣ್ಣಾಗಿದೆ, ಆದ್ರೆ ಸಾಲು ಸಾಲೇ. ಅಲ್ಲಿ ಕೂತು ಎರಡು ಮಾತು ಆಡಿದೆ. ಅದು ನನಗೂ ಅವರಿಗೂ ಬಿಟ್ಟಿದ್ದು, ಬರೆಸಲ್ಲ.

ಪಕ್ಕದ ಹಳೇ ಗಿಡಗಳಲ್ಲಿ ತುದಿಯಲ್ಲಿ ಉಳಿದಿದ್ದ ಹಣ್ಣು ಆರಿಸಿ ತಂದೆ. ಕೈಯಲ್ಲೇ ಸಿಪ್ಪೆ ಬಿಡಿಸಿ, ನೆರಳಲ್ಲಿ ಆರಿಸಿ, ಮರಳಲ್ಲಿ ಹಾಕ್ದೆ. ಚಳಿ ಜಾಗ, ನಿಧಾನ. ಎರಡು ತಿಂಗಳು ಏನೂ ಕಾಣ್ಲಿಲ್ಲ. ಲಾರಿಯವನು ಬಂದು "ಅಜ್ಜಿ, ಮರಳು ಬೆಳೀತಿದ್ದೀಯಾ?" ಅಂದ. ಹೋದ ವಾರ ಎದ್ದವು ನೋಡಿ. ಕಾಫಿ ಸಸಿ ಏಳೋದನ್ನ ನೀವು ಕಂಡಿರಲ್ಲ. ಕಡ್ಡಿಯಷ್ಟು ಕಾಲು, ಅದರ ತಲೆ ಮೇಲೆ ಆ ಬೀಜ ಹಾಗೇ ಇರುತ್ತೆ. ಹೊತ್ಕೊಂಡೇ ಏಳುತ್ತೆ. ಆಮೇಲೆ ನಿಧಾನಕ್ಕೆ ಹೊರೆ ಇಳಿಸಿ ಎಲೆ ಬಿಡುತ್ತೆ. ಲಾರಿಯವನೇ ಈಗ ದಿನಾ ಬಂದು ನೀರು ಹಾಕ್ತಾನೆ. ಅವನಿಗೂ ಐವತ್ತು ಸಸಿ ಬೇಕಂತೆ, ಯಾರಿಗೂ ಹೇಳ್ಬೇಡ ಅಂದ. ನಿಮಗೆ ಹೇಳ್ತಿದ್ದೀನಿ.

ನಿಮ್ಮನ್ನ ಕ್ಷಮಿಸಿದೆ ಅಂತ ಬರೀಲಾ ಅಂತ ನಿಮ್ಮ ಮಗಳು ಈಗ ಕೇಳಿದ್ಲು. ಬೇಡ ಅಂದೆ. ಅದು ನನಗೇ ಇನ್ನೂ ಗೊತ್ತಾಗಿಲ್ಲ. ಕೆಲವು ದಿನ ಬೆಳಿಗ್ಗೆ ಎದ್ದಾಗ ಸಿಟ್ಟು ಇರುತ್ತೆ, ಮಧ್ಯಾಹ್ನಕ್ಕೆ ಸಸಿ ನೋಡಿದ್ರೆ ಇರಲ್ಲ.

ನೆಡೋದು ಬರೋ ವರ್ಷ. ಕಾಯಿ ಬಿಡೋಕೆ ಅಲ್ಲಿಂದ ಇನ್ನೂ ಮೂರು ನಾಲ್ಕು ವರ್ಷ. ನನಗೀಗ ಎಪ್ಪತ್ತೊಂದು. ನಾನಂತೂ ಇರ್ತೀನಿ. ನೀವೂ ಮಂಡಿಗೆ ಎಣ್ಣೆ ಹಚ್ಕೊಂಡು ನೆಟ್ಟಗಿರಿ. ಮೊದಲ ಹಣ್ಣು ಆರಿಸಿ ನಾನೇ ಒಣಗಿಸಿ ಕಳಿಸ್ತೀನಿ, ಬೆಳಿಗ್ಗೆ ಮೊದಲನೇ ಬಟ್ಟಲಲ್ಲಿ ಹಾಕ್ಕೊಂಡು ಕುಡೀರಿ. ಚೆನ್ನಾಗಿಲ್ದೇ ಇದ್ರೆ ಚೆನ್ನಾಗಿಲ್ಲ ಅಂತಲೇ ಬರೀರಿ. ನನ್ನ ಹತ್ರ ಇನ್ನೊಂದು ಚೀಲ ಇರುತ್ತೆ.

ಹೆಬ್ಬೆಟ್ಟಲ್ಲ, ನನ್ನದೇ ಸಹಿ:
ಕಣದಜ್ಜಿ